ಚಿರತೆಮಲಗು ಗುಡ್ಡ

ನಮ್ಮ ಕೆಂಚನಹಟ್ಟಿಯ ಬೆನ್ನಿಗೆ ನಿಂತ ಚಿರತೆಮಲಗಿನಂಥ ಗುಡ್ಡ ಸುತ್ತ ಹದಿನಾರು ಹಳ್ಳಿಯಲ್ಲಿ ಇನ್ನೊಂದಿಲ್ಲ. ಇದೆ ಎನ್ನುವವರು ಮಾರ್ಗಶಿರದಲ್ಲಿ ಬಂದು ಒಂದು ರಾತ್ರಿ ಮೇಲೆ ಮಲಗಿ ತೋರಿಸಲಿ. ನೆತ್ತಿಯಲ್ಲಿ ಮರವಿಲ್ಲ, ಮೋಟುಹುಲ್ಲು ಮಾತ್ರ. ಬಡಗಣ ಗಾಳಿ ಬೀಸಿತೆಂದರೆ ಇಬ್ಬನಿ ಹುಲ್ಲಿನ ಮೇಲೆಯೇ ಉಪ್ಪಿನಂತೆ ಹೆಪ್ಪುಗಟ್ಟುತ್ತದೆ. ಪೇಟೆಯ ಶೂರರು ಮೂರು ಸ್ವೆಟರ್ ತೊಟ್ಟು ಹತ್ತಿ, ಮಧ್ಯಾಹ್ನಕ್ಕೇ ಮೂಗು ಸುರಿಸುತ್ತ ಇಳಿಯುವುದನ್ನು ನಾವು ಕಟ್ಟೆಯ ಮೇಲೆ ಕೂತು ನೋಡುತ್ತೇವೆ. ಅಂಥ ನೆತ್ತಿಯಲ್ಲಿ ಹಿಂದೆ ಒಮ್ಮೆ ಒಂದು ಹೆಣ್ಣು ಚಿರತೆ ಹನ್ನೊಂದು ಚಳಿಗಾಲ ಕಳೆದಿತ್ತು ಎನ್ನುತ್ತಾರೆ.

ಅದರ ಬದುಕಿನ ಗುಟ್ಟು ಬಲ್ಲವನು ಒಬ್ಬನೇ, ಕುರಿಗಾಹಿ ಜಡಿಯಪ್ಪ. ಚಳಿ ಹತ್ತಿರವಾದಂತೆ ಅದರ ಮೈಕೂದಲು ದಟ್ಟವಾಗುವುದನ್ನು ಅವನು ಕಂಡಿದ್ದ. ಅದು ಸುಮ್ಮನೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಒಂದು ಬೇಟೆಯನ್ನು ಕಲ್ಲಸಂದಿಗೆ ಎಳೆದು ಆರು ದಿನ ತಿನ್ನುತ್ತಿತ್ತು. ಗುಡ್ಡಕ್ಕೆಲ್ಲ ಮೂಡಲಿಗೆ ಬಾಯಿ ತೆರೆದ ಗವಿ ಒಂದೇ. ಹೊತ್ತು ಹುಟ್ಟಿದೊಡನೆ ಒಳಗಿನ ಬಂಡೆ ಕಾಯುವುದು. ಆ ಕಾವಿಗೆ ಬೆನ್ನು ಕೊಟ್ಟು, ಬಾಲವನ್ನು ಮೂಗಿನ ಮೇಲೆ ಹೊದ್ದು ಅದು ಮಲಗುವುದು. ದೀಪಾವಳಿ ಕಳೆದು ಕುರಿ ಇಳಿಸುವಾಗ ಒಂದು ಮುದಿ ಟಗರನ್ನು ಗುಡ್ಡದ ಪಾಲೆಂದು ಮೇಲೆ ಬಿಟ್ಟುಬರುವುದು ಹಟ್ಟಿಯ ಕಟ್ಟಳೆ. ಪಾಲು ಸಂದರೆ ಚಿರತೆ ಕೆಳಗಿಳಿಯದು.

ಒಂದು ವರ್ಷ ಬೇನೆ ಬಿದ್ದು ಜಡಿಯಪ್ಪನ ನೂರು ಕುರಿಗಳಲ್ಲಿ ಒಂಬತ್ತು ಉಳಿದವು, ಅದರಲ್ಲೊಂದು ಮುದಿ ಟಗರು. ಅವೂ ಹೋದರೆ ಮನೆಯ ಒಲೆ ಉರಿಯುವಂತಿರಲಿಲ್ಲ. "ಪಾಲು ಬುಟ್ಟುಬುಡು ಕಣಯ್ಯ, ಕಟ್ಟಳೆ ಮುರೀಬ್ಯಾಡ," ಎಂದಳು ಹೆಂಡತಿ ಕರಿಯವ್ವ. "ಅದಕ್ಕೆ ಹುಟ್ಟುತ್ಲೇ ಕಂಬಳಿ ಕೊಟ್ಟವ್ನೆ ದೇವ್ರು. ನಂಗ್ ಕೊಟ್ಟವ್ನಾ? ಈ ವರ್ಸ ಅದೇ ನಂಗೊಂದು ಕುರಿ ತಂದ್ಕೊಡ್ಲಿ!" ಎಂದು ನಕ್ಕುಬಿಟ್ಟ. ಚಳಿಗೆ ಕಡವೆಗಳೆಲ್ಲ ದೂರದ ತಗ್ಗಿಗಿಳಿದಿದ್ದವು. ಎಂಟು ದಿನಕ್ಕೆ ಚಿರತೆ ಹಟ್ಟಿಗೆ ಬಂದು ಒಂದು ಕುರಿ ಒಯ್ದಿತು, ಮತ್ತೆಂಟು ದಿನಕ್ಕೆ ಇನ್ನೊಂದು. ಜಡಿಯಪ್ಪ ಹಾರೆ ಹೊತ್ತು ಗುಡ್ಡ ಹತ್ತಿದ. ಚಿರತೆಯ ಮನೆ ಮುಚ್ಚಿದರೆ ಅದು ಊರು ಬಿಡುತ್ತದೆಂಬುದು ಅವನ ಎಣಿಕೆ. ಅದು ಹೊರಗೆ ಹೋದುದನ್ನು ನೋಡಿ, ಗವಿಯ ಮೇಲಿನ ಬಂಡೆಯನ್ನು ಮೀಟಿ ಬಾಯಿಗೆ ಉರುಳಿಸಿದ.

ಚಿರತೆ ಗುಡ್ಡ ಬಿಡಲಿಲ್ಲ, ಹಟ್ಟಿಗೂ ಬರಲಿಲ್ಲ. ನಾಲ್ಕು ದಿನ ಎಡೆಬಿಡದೆ ಗಾಳಿ ಬೀಸಿತು. ಐದನೆಯ ಬೆಳಗ್ಗೆ ಜಡಿಯಪ್ಪ ತಡೆಯಲಾರದೆ ಮುದಿ ಟಗರನ್ನು ಹೆಗಲಿಗೇರಿಸಿ ಹತ್ತಿದ. ಗವಿಗೆ ಬಿದ್ದ ಬಂಡೆಗೇ ಬೆನ್ನು ಕೊಟ್ಟು, ಬಾಲ ಹೊದ್ದು ಅದು ಮಲಗಿತ್ತು. ಕಣ್ಣು ಮಾತ್ರ ಆಡಿತು. ಟಗರನ್ನು ಮುಂದೆ ಬಿಟ್ಟರೂ ತಲೆಯೆತ್ತಲಿಲ್ಲ. "ಏಳೇ, ತಗೊಳ್ಳೇ ನಿನ್ ಪಾಲ, ಏಳವ್ವ," ಎಂದು ಅಳುತ್ತ ಅವನು ಬಂಡೆಗೆ ಹಾರೆ ಹಾಕಿದ. ಒಬ್ಬನೇ ಕೆಳಕ್ಕೆ ಉರುಳಿಸಿದ್ದನ್ನು ಮೇಲಕ್ಕೆ ಸರಿಸಲು ಊರೇ ಬಂದರೂ ಆಗಲಿಲ್ಲ. ಹೊತ್ತು ನೆತ್ತಿಗೇರುವ ಮುನ್ನ ಆ ಕಣ್ಣೂ ನಿಂತಿತು. ಟಗರನ್ನು ಅವನು ಹಿಂದಕ್ಕೆ ತರಲಿಲ್ಲ ಎನ್ನುತ್ತಾರೆ; ಉಳಿದ ಆರೂ ಮಾಘದೊಳಗೆ ಅದೇ ಬೇನೆಗೆ ಹೋದವು. ಗುಡ್ಡಕ್ಕೆ ಹೆಸರೊಂದು ಉಳಿಯಿತು.

ಗಾಡಿಯನ್ನೇ ಎತ್ತಿ ನಿಲ್ಲಿಸುವ ತೋಳು ನಮ್ಮ ಹಟ್ಟಿಯವರದು. ವರ್ಷಕ್ಕೊಮ್ಮೆ ಹಾರೆ ಹಿಡಿದು ಹತ್ತುತ್ತೇವೆ. ಬಂಡೆ ಕೂದಲೆಳೆಯಷ್ಟೂ ಅಲುಗಿಲ್ಲ. ಮುಂಜಾನೆ ಹೋದವರಿಗೆ ಮೊದಲ ಬಿಸಿಲು ಅದರ ಮೇಲೆ ಬಿದ್ದು, ಒಳಗೆ ಹೋಗಲಾರದೆ ಅಲ್ಲೇ ನಿಂತಿರುವುದು ಕಾಣುತ್ತದೆ.