ತುಡುವೆಗೆ ಕತ್ತಲೆಯ ಮನೆ ಸಿಕ್ಕಿದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಪೂರ್ತಿ ಆರಿರಲಿಲ್ಲ. ಹೊಳೆಗಳು ಯಾವ ಕಡೆ ಹೋಗಬೇಕೆಂದು ಗಾಳಿಯನ್ನು ಕೇಳಿ ಕೇಳಿ ಹರಿಯುತ್ತಿದ್ದವು.

ಆಗ ಜೇನುಗಳೆಲ್ಲ ಬಯಲಿನಲ್ಲೇ ಸಂಸಾರ ಮಾಡುತ್ತಿದ್ದವು. ಎತ್ತರದ ಬಂಡೆಗೆ ಮೇಣದ ಎರಿ ಕಟ್ಟಿ ಜೋತುಬಿದ್ದಿರುತ್ತಿದ್ದವು. ದೊಡ್ಡಕ್ಕ ಹೆಜ್ಜೇನು ಅಲ್ಲೇ, ಪುಟ್ಟ ತಂಗಿ ತುಡುವೆಯೂ ಅಲ್ಲೇ.

ಜೇನು ಬೇಕಾದವನು ಸೊಂಟಕ್ಕೆ ಬಳ್ಳಿ ಕಟ್ಟಿಕೊಂಡು ಬಂಡೆಯ ನೆತ್ತಿಯಿಂದ ಇಳಿಯಬೇಕಿತ್ತು. ಒಂದು ಕೈಯಲ್ಲಿ ಉರಿಯುವ ಪಂಜು, ಇನ್ನೊಂದರಲ್ಲಿ ಬಿದಿರಿನ ಕತ್ತಿ. ಮೇಲೆ ನಿಂತು ಬಳ್ಳಿ ಹಿಡಿಯುವವನು ಯಾರಾದರೂ ಆಗುವಂತಿರಲಿಲ್ಲ. ಇಳಿಯುವವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ಅಕ್ಕನ ಗಂಡನನ್ನು ಯಾವ ತಮ್ಮ ಕೈಬಿಟ್ಟಾನು?

ಜಡೆಯ ಎಂಬವನು ಹಾಗೆ ಬಳ್ಳಿ ಹಿಡಿಯುವವನು. ಮಾತು ಕಡಿಮೆ. ಅವನ ಅಕ್ಕ ಮಾದಿ, ಭಾವ ಕೇತ. ಹನ್ನೆರಡು ವರ್ಷ ಕೇತ ಇಳಿದ, ಹನ್ನೆರಡು ವರ್ಷ ಜಡೆಯ ಹಿಡಿದ.

ಕೊನೆಯ ಸಲ ಮಾತ್ರ ಬಳ್ಳಿ ಅವನ ಕೈಯಿಂದ ಒಂದು ಮೊಳ ಜಾರಿತು.

"ಏನೋ ಭಾಮೈದ, ಮೇಲೆ ನಿದ್ದೆ ಹೋದೆಯಾ?" ಕೆಳಗಿನಿಂದ ಕೇತ ಕೂಗಿದ. "ತಾಳು, ನಿಮ್ಮಕ್ಕನಿಗೆ ಹೇಳ್ತೀನಿ!"

ಕೇತ ನಗುತ್ತಿದ್ದ. ಜಡೆಯ ನಗಲಿಲ್ಲ. ಅವನ ಬಲಗೈ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅದನ್ನು ಕಂಡದ್ದು ಗಾಳಿ ಒಂದೇ.

ಆ ವರ್ಷ ಮಾದಿ ಬಸುರಿಯಾದಳು. ಅವರಲ್ಲಿ ಒಂದು ಪದ್ಧತಿ. ಹೆತ್ತ ಏಳನೇ ದಿನ ಬಾಣಂತಿ ಗಂಡನ ಕೈಯಿಂದ ಹೊಸ ಜೇನು ತಿನ್ನಬೇಕು. ಆಮೇಲೇ ಸೋದರಮಾವ ಮಗುವಿಗೆ ಹೆಸರಿಡುವುದು. ಜೇನಿಲ್ಲದಿದ್ದರೆ ಹೆಸರಿಲ್ಲ.

ಜಡೆಯ ಬಂಡೆಯ ಬುಡಕ್ಕೆ ಹೋಗಿ ಕುಳಿತ.

"ಕೈ ಸೋತಿದೆ ಅಂತ ಭಾವನಿಗೆ ಹೇಳಿಬಿಡು," ಎಂದಿತು ಗಾಳಿ.

"ಹೇಳಿದರೆ ಬಳ್ಳಿಯನ್ನು ಮರಕ್ಕೆ ಕಟ್ಟಿ ಒಬ್ಬನೇ ಇಳೀತಾನೆ. ಅವನು ನನಗೆ ಗೊತ್ತಿಲ್ಲವೇ? ಆ ಬಂಡೆಯ ಅಂಚಿಗೆ ಉಜ್ಜಿದರೆ ಯಾವ ಬಳ್ಳಿಯೂ ಉಳಿಯೋದಿಲ್ಲ."

"ಹಾಗಾದರೆ ಜೇನನ್ನೇ ಕೆಳಗೆ ಕರಿ," ಎಂದು ಗಾಳಿ ನಕ್ಕು ಹೊರಟುಹೋಯಿತು.

ಗಾಳಿ ಹೇಳಿದ್ದು ತಮಾಷೆಗೆ. ಜಡೆಯ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ತಲೆ ಎತ್ತಿ ಹೆಜ್ಜೇನನ್ನು ಕರೆದ.

"ಕೆಳಗೆ ಬರೋದಾ? ನಾನಾ?" ಹೆಜ್ಜೇನು ಇಡೀ ಎರಿಯ ತುಂಬ ಝುಂ ಎಂದು ಅಲೆ ಎಬ್ಬಿಸಿತು. "ಹೋಗಯ್ಯ! ಇರುವೆಗಳ ಪಕ್ಕ ಬಿಡಾರ ಹೂಡೋಕೆ ನನಗೇನು ಬಂದಿದೆ ಕೇಡು?"

ಸ್ವಲ್ಪ ಹೊತ್ತಿನ ಮೇಲೆ ಅವನ ಕಿವಿಯ ಹತ್ತಿರ ಸಣ್ಣ ದನಿ ಕೇಳಿಸಿತು. ತುಡುವೆ.

"ಅಕ್ಕನಿಗೇನು, ರೆಕ್ಕೆಯೂ ದೊಡ್ಡದು, ಮುಳ್ಳೂ ದೊಡ್ಡದು. ನಮಗೆ ಮಳೆ ಬಂದರೂ ಕಷ್ಟ, ಬಿಸಿಲು ಬಂದರೂ ಕಷ್ಟ. ಎಲ್ಲಕ್ಕಿಂತ ಕಷ್ಟ ನಿಮ್ಮ ಪಂಜು. ಹೋದ ವರ್ಷ ನನ್ನ ಮಕ್ಕಳೆಷ್ಟು ಸುಟ್ಟುಹೋದವು, ಗೊತ್ತಾ?"

ಜಡೆಯ ತಲೆ ತಗ್ಗಿಸಿದ. ಆ ಪಂಜು ಹಚ್ಚಿಕೊಟ್ಟವನು ಅವನೇ.

"ಬೆಂಕಿಗೆ ಕಾಣದ ಮನೆ ಕೊಡ್ತೀಯಾ?" ಕೇಳಿತು ತುಡುವೆ. "ಮಳೆ ಬರಬಾರದು, ಬಿಸಿಲು ಬರಬಾರದು. ಬಾಗಿಲು ನನ್ನಷ್ಟೇ ಇರಬೇಕು. ಕಣಜದ ಹುಳು ನುಗ್ಗಬಾರದು. ನಮ್ಮಕ್ಕ ಕೂಡ ನುಗ್ಗಬಾರದು."

"ಕೊಡ್ತೀನಿ," ಎಂದ ಜಡೆಯ.

ಮನೆಗೆ ಬಂದು ಅಂಗಳದ ಮೂಲೆಯಲ್ಲಿ ಒಂದು ಮಡಕೆ ಇಟ್ಟ. ತುಡುವೆ ಬಂದು ಇಣುಕಿ ನೋಡಿತು.

"ಬಾಯಿ ಮೇಲೆ ಮಾಡಿ ಇಟ್ಟಿದ್ದೀಯಲ್ಲ, ನನಗೇನು ಸ್ನಾನ ಮಾಡಿಸ್ತೀಯಾ?"

ಜಡೆಯ ಮಡಕೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿದ. ಸುತ್ತ ಮಣ್ಣು ಸಗಣಿ ಮೆತ್ತಿದ. ಚೂಪು ಕಲ್ಲಿನಿಂದ ತಿರುವಿ ತಿರುವಿ, ಕಿರುಬೆರಳೂ ತೂರದಂಥ ಒಂದು ತೂತು ಮಾಡಿದ. ಒಳಗೆ ಹಳೆಯ ಮೇಣ ಸವರಿದ್ದ. ಮಾರನೆಯ ದಿನ ತುಡುವೆ ಪುಟ್ಟ ಮೋಡದ ಹಾಗೆ ಬಂದು, ಒಂದೊಂದಾಗಿ ಒಳಗೆ ಹೋಯಿತು.

ಜಡೆಯ ದಿನವೂ ಪಕ್ಕದಲ್ಲಿ ಕೂರುತ್ತಿದ್ದ. ಕೇತನಿಗೆ ನಗು ತಡೆಯಲಾಗಲಿಲ್ಲ.

"ಏನು ಭಾಮೈದ, ಕಾವು ಕೊಡ್ತಿದ್ದೀಯಾ? ಮಡಕೆ ಯಾವಾಗ ಮರಿ ಮಾಡುತ್ತೆ?"

ಒಂದು ತಿಂಗಳಾಯಿತು. ಜಡೆಯನಿಗೆ ತಡೆಯಲಾಗಲಿಲ್ಲ, ಮಡಕೆ ಎತ್ತಿದ. ಒಳಗೆ ಏಳು ಎರಿ, ಹೊಸ ಮೇಣದ ಬಿಳುಪು. ಅವನು ಬಂಡೆಯ ಮನುಷ್ಯ. ಅದೇ ಎರಿಗೆ ಬಂಡೆಯಲ್ಲಿ ಎರಡನೇ ಸಲ ಇಳಿಯುವವರು ಯಾರು? ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ ಕೊಯ್ಯುವುದು ಅಲ್ಲಿನ ಕ್ರಮ. ಕೈ ತಾನಾಗಿಯೇ ಹಾಗೆ ಕೊಯ್ದಿತು.

ಜೇನು ಬೊಗಸೆಯಷ್ಟೂ ಇರಲಿಲ್ಲ. ಎರಿಯ ತುಂಬ ಇದ್ದದ್ದು ಕಣ್ಣು ಬಿಡದ ಮರಿಗಳು. ಅವು ನೆಲಕ್ಕೆ ಉದುರಿದವು. ತುಡುವೆ ಎದ್ದು ಹೊರಟುಹೋಯಿತು.

ಖಾಲಿ ಮಡಕೆಯ ಮುಂದೆ ಜಡೆಯ ಒಂದು ದಿನ ಕುಳಿತ. ಎರಡನೆಯ ದಿನ ಬಂಡೆಯ ಬುಡಕ್ಕೆ ಹೋದ. ತುಡುವೆ ಒಂದು ಕೊಂಬೆಗೆ ಗುಂಪಾಗಿ ಅಂಟಿಕೊಂಡಿತ್ತು.

"ಕೈಗೆ ಅಭ್ಯಾಸವಾಗಿತ್ತು," ಎಂದ.

"ನಿನ್ನ ಕೈಯ ಅಭ್ಯಾಸ, ನನ್ನ ಮಕ್ಕಳ ಸಾವು."

ಜಡೆಯ ಕೊಂಬೆಯ ಕೆಳಗೇ ಕುಳಿತ. ಕೊನೆಗೆ ಕೇಳಿದ, "ಮಕ್ಕಳನ್ನು ಎಲ್ಲಿಡ್ತೀಯ? ಜೇನನ್ನು ಎಲ್ಲಿಡ್ತೀಯ?"

"ಮಕ್ಕಳು ಕೆಳಗೆ, ಜೇನು ಮೇಲೆ. ನಿಮ್ಮಲ್ಲೂ ಅಷ್ಟೇ ಅಲ್ಲವಾ? ಕಾಳು ಅಟ್ಟದ ಮೇಲೆ, ತೊಟ್ಟಿಲು ಕೆಳಗೆ."

ಜಡೆಯ ಎದ್ದು ನಿಂತ.

"ಅಟ್ಟ ಕಟ್ಟಿಕೊಡ್ತೀನಿ. ಕೆಳಗಿನ ಮಡಕೆ ನಿನ್ನದು. ಅದನ್ನು ನಾನು ಮುಟ್ಟೋದಿಲ್ಲ, ನಮ್ಮ ಮಕ್ಕಳು ಮುಟ್ಟೋದಿಲ್ಲ, ಅವರ ಮಕ್ಕಳೂ ಮುಟ್ಟೋದಿಲ್ಲ. ಮೇಲಿನದು ತುಂಬಿದರೆ ಅದರಲ್ಲಿ ನನಗೆ ಪಾಲು."

"ಬೆಂಕಿ?"

"ತರೋದಿಲ್ಲ. ಚೂರು ಹೊಗೆ ಅಷ್ಟೇ. ನಾನು ಬಂದಿದ್ದೀನಿ ಅಂತ ನಿನಗೆ ತಿಳಿಯಬೇಕಲ್ಲ."

"ಇದೊಂದು ಸಲ ಬರ್ತೀನಿ," ಎಂದಿತು ತುಡುವೆ. "ಇನ್ನೊಂದು ಸಲ ಕೇಳಬೇಡ."

ಜಡೆಯ ಒಂದು ಮಡಕೆಯನ್ನು ಮಣ್ಣಿನಲ್ಲಿ ಕೂರಿಸಿದ. ಅದರ ಬಾಯಿಗೆ ಅಡ್ಡಡ್ಡ ಕಡ್ಡಿ ಜೋಡಿಸಿದ, ಅಟ್ಟಕ್ಕೆ ತೊಲೆ ಇಟ್ಟ ಹಾಗೆ. ಮೇಲೆ ಇನ್ನೊಂದು ಮಡಕೆಯನ್ನು ಬಾಯಿಗೆ ಬಾಯಿ ಕೂಡಿಸಿ ಮಗುಚಿ, ಸಂದು ಮೆತ್ತಿದ. ಬಾಗಿಲು ಕೆಳಗಿನದಕ್ಕೆ ಮಾತ್ರ. ತುಡುವೆ ಬಂತು. ಎರಡು ಹುಣ್ಣಿಮೆ ಕಳೆಯಿತು. ಜಡೆಯ ಒಂದು ಸಲವೂ ತೆಗೆದು ನೋಡಲಿಲ್ಲ.

ಮಾದಿ ಹೆಣ್ಣು ಮಗು ಹೆತ್ತಳು. ಏಳನೇ ದಿನ ಬೆಳಿಗ್ಗೆ ಕೇತ ಬಳ್ಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಾಡಿಯ ಜನರೆಲ್ಲ ಸೇರಿದ್ದರು.

"ನಡಿ ಭಾಮೈದ, ಬಂಡೆ ಕಾಯ್ತಿದೆ."

ಜಡೆಯ ಎಲ್ಲರ ಎದುರು ಬಲಗೈ ಚಾಚಿದ. ಬೆರಳು ಮಡಚಲು ನೋಡಿದ. ಅವು ಅರ್ಧಕ್ಕೇ ನಿಂತವು.

"ಭಾವ, ಹೋದ ಸಲ ಬಳ್ಳಿ ಜಾರಿದ್ದು ನಿದ್ದೆಯಿಂದಲ್ಲ."

ಕೇತನ ಮುಖದಲ್ಲಿ ನಗು ಆರಿತು. ಒಳಗಿನಿಂದ ಮಾದಿ ಕೂಗಿದಳು, "ಹೆಸರಿಲ್ಲದಿದ್ದರೂ ಪರವಾಗಿಲ್ಲ! ನೀವು ಇಳಿಯಕೂಡದು!"

"ನನ್ನ ಮಗಳನ್ನು ಊರೆಲ್ಲ 'ಏ ಇವಳೇ' ಅಂತ ಕರೀಬೇಕಾ?" ಎಂದ ಕೇತ. "ಬಳ್ಳಿ ಮರಕ್ಕೆ ಕಟ್ತೀನಿ. ಒಬ್ಬನೇ ಇಳೀತೀನಿ."

"ಇಳಿಯೋದಾದರೆ ಇಳಿ. ಮೊದಲು ಇಲ್ಲಿ ಬಾ," ಎಂದು ಜಡೆಯ ಅವನನ್ನು ಮಡಕೆಯ ಹತ್ತಿರ ಕರೆದುಕೊಂಡು ಹೋದ.

ಹಸಿ ಎಲೆಯ ಹೊಗೆಯನ್ನು ಬಾಗಿಲಿಗೆ ಮೆಲ್ಲನೆ ಊದಿದ. ಸಂದಿನ ಮಣ್ಣು ಕೆರೆದ. ಒಳಗೇನಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಮೇಲಿನ ಮಡಕೆ ಎತ್ತಲು ನೋಡಿದ. ಅದು ಅಲುಗಲಿಲ್ಲ.

"ಭಾವ, ಒಂದು ಕೈ ಹಿಡಿ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇತ ಅವನಿಗಾಗಿ ಕೈ ಹಿಡಿದ. ಹಿಡಿದವನೇ ಬೆಚ್ಚಿದ. "ಏನೋ ಇದು, ಕಲ್ಲು ತುಂಬಿದ್ದೀಯಾ?"

ಇಬ್ಬರೂ ಎತ್ತಿ ಮಗುಚಿದರು. ಅಂಚಿನವರೆಗೆ ಜೇನು! ಬಿಸಿಲು ಬಿದ್ದದ್ದೇ ತಡ, ಮಡಕೆ ಒಳಗಿನಿಂದ ಹೊಂಬಣ್ಣಕ್ಕೆ ತಿರುಗಿತು. ಕೆಳಗಿನ ಮಡಕೆಯಲ್ಲಿ ಮರಿಗಳು ಅಲ್ಲಾಡದೆ ಮಲಗಿದ್ದವು. ಒಂದು ತುಡುವೆಯೂ ಯಾರನ್ನೂ ಕಚ್ಚಲಿಲ್ಲ.

ಕೇತ ಹಾಕಿದ ಕೇಕೆಗೆ ಬಂಡೆ ಮೂರು ಸಲ ಮರುಕೂಗಿತು. ಜನ ಕುಣಿದರು. ಗಾಳಿ ಓಡಿಹೋಗಿ ಹೊಳೆಗೆ ಹೇಳಿತು, ಹೊಳೆ ಕೆಳಗಿನ ಊರುಗಳಿಗೆಲ್ಲ ಹೇಳುತ್ತ ಹೋಯಿತು. ಮೇಲೆ ಹೆಜ್ಜೇನು ಮಾತ್ರ, "ಮಡಕೆಯಂತೆ, ಮಡಕೆ!" ಎಂದು ಗೊಣಗಿತು.

ಜಡೆಯ ತನ್ನ ಪಾಲು ಕೊಯ್ದುಕೊಂಡು, ಒಂದು ಎರಿ ತುಡುವೆಗೇ ಬಿಟ್ಟು, ಮಡಕೆಯನ್ನು ಮತ್ತೆ ಮುಚ್ಚಿದ.

ಮಾದಿ ಗಂಡನ ಕೈಯಿಂದ ಜೇನು ತಿಂದಳು. ಮಾತು ಕಡಿಮೆಯ ಸೋದರಮಾವ ಮಗುವಿನ ಕಿವಿಯಲ್ಲಿ ಒಂದೇ ಮಾತು ಹೇಳಿದ: "ಜೇನವ್ವ." ಬಂಡೆಗೆ ಇಳಿಯುವ ಬಳ್ಳಿಯನ್ನು ಕೇತ ಎರಡಾಗಿ ಕತ್ತರಿಸಿ ತೊಲೆಗೆ ಕಟ್ಟಿದ. ಅದು ಜೇನವ್ವನ ತೊಟ್ಟಿಲ ಹಗ್ಗವಾಯಿತು.

ಜೇನವ್ವನ ಮಕ್ಕಳು ಟೊಳ್ಳು ಮರದ ತುಂಡಿನಲ್ಲಿ ತುಡುವೆಗೆ ಮನೆ ಮಾಡಿದರು. ಅವರ ಮಕ್ಕಳು ಮಣ್ಣಿನ ಗೋಡೆಯಲ್ಲೇ ಅದಕ್ಕೊಂದು ಗೂಡು ಮಾಡಿಟ್ಟರು. ಕಾಲ ಉರುಳಿ, ಜಡೆಯನ ಕಡ್ಡಿಗಳು ಎಳೆದು ತೆಗೆಯುವ ಚೌಕಟ್ಟುಗಳಾದವು, ಮಡಕೆ ಹೋಗಿ ಮರದ ಪೆಟ್ಟಿಗೆ ಬಂತು. ಕೊಟ್ಟ ಮಾತು ಮಾತ್ರ ಬದಲಾಗಲಿಲ್ಲ.

ಅದಕ್ಕೇ ಮಗು, ಹೆಜ್ಜೇನು ಇವತ್ತಿಗೂ ಬಂಡೆಗೋ ಊರಿನ ನೀರಿನ ಟ್ಯಾಂಕಿಗೋ ಬಯಲಲ್ಲೇ ಜೋತುಬಿದ್ದಿರುತ್ತದೆ. ತುಡುವೆ ಮಾತ್ರ ಪುಟ್ಟ ಬಾಗಿಲಿನಿಂದ ಒಂದೊಂದಾಗಿ ಕತ್ತಲೆಯ ಮನೆಗೆ ಹೋಗುತ್ತದೆ, ಆ ಮನೆಯ ಕೆಳಗಿನ ಅಂತಸ್ತು ಅದರ ಮಕ್ಕಳಿಗೆ, ಮೇಲಿನ ಅಟ್ಟದಲ್ಲಿ ನಿನಗೂ ಒಂದು ಪಾಲು.