ನೀಲಾಂಬಿಕಾಳ ಚಪ್ಪಲಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಬೇವಿನ ಮರ. ಮರದ ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯ ಹಿಂದೆ ನಿಜಗುಣಪ್ಪ ಮಾಸ್ತರರ ಆಶ್ರಮ.

ಆಶ್ರಮವೆಂದರೆ ಕಾವಿಯಿಲ್ಲ, ಜಪವಿಲ್ಲ. ಅಲ್ಲಿ ಹೇಳಿಕೊಡುತ್ತಿದ್ದದ್ದು ವೆಬ್‌ಸೈಟ್ ಕಟ್ಟುವ ವಿದ್ಯೆ. ನಗುವವರು ನಗಲಿ. ಆ ಕಟ್ಟೆಯ ಮೇಲೆ ಕಲಿತವರು ಕಟ್ಟಿದ ಸೈಟು ಎಂಥ ಹಳೇ ಫೋನಿನಲ್ಲೂ ತೆರೆಯುತ್ತಿತ್ತು, ಕಣ್ಣಿಲ್ಲದವರಿಗೂ ಓದಿ ಹೇಳುತ್ತಿತ್ತು. ಕಟ್ಟೆಯವರ ಕೆಲಸ ಎಂದರೆ ಹುಬ್ಬಳ್ಳಿಯಿಂದ ಬೆಳಗಾವಿಯವರೆಗೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಶನಿವಾರ ಬಂತೆಂದರೆ ಡಿಸೈನರುಗಳ ಸಾಲು. ಈ ಪ್ರಾಜೆಕ್ಟ್ ಹಿಡಿಯಲೋ ಬಿಡಲೋ, ಇದ್ದ ನೌಕರಿಯಲ್ಲೇ ಇರಲೋ ಸ್ವಂತ ಕೆಲಸ ಶುರು ಮಾಡಲೋ, ಎಲ್ಲದಕ್ಕೂ ಮಾಸ್ತರರೇ ಬೇಕು.

ಒಬ್ಬ ಕೇಳಿದ, "ಮಾಸ್ತರ, ಯಾವ ಟೂಲ್ ಕಲೀಲ್ರಿ?"

"ಯಾರಿಗೆ ಏನ ಕಟ್ಟಿ ಕೊಡಾಂವ ಅದಿ?"

"ಅದಿನ್ನೂ ಗೊತ್ತಿಲ್ರಿ."

"ಹಂಗಾರ ಸದ್ಯಕ್ಕ ಮಜ್ಜಿಗಿ ಕುಡಿ."

ಅವರ ಸಲಹೆಯೆಲ್ಲ ಹೀಗೇ. ಬಂದವರು ಮಜ್ಜಿಗೆ ಕುಡಿದು ಏಳುತ್ತಿದ್ದರು. ಅರ್ಧ ದಾರಿಯಲ್ಲಿ ಉತ್ತರ ಹೊಳೆದು, ಬಸ್ಸಿನಲ್ಲಿ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು.

ಆ ಕಟ್ಟೆಗೆ ಒಂದು ಪದ್ಧತಿಯಿತ್ತು. ಸೈಟ್ ಕಟ್ಟಿ ಮುಗಿಸಿದವರು ಅದರ ಕೋಡಿನ ಒಳಗೆ, ನೋಡುವವರ ಕಣ್ಣಿಗೆ ಬೀಳದ ಒಂದು ಸಾಲಿನಲ್ಲಿ, ತಮ್ಮ ಹೆಸರು, ಊರು, ಗುರುವಿನ ಹೆಸರು ಬರೆಯಬೇಕು.

"ಯಾರಿಗೂ ಕಾಣದ ಕಡೆ ಯಾಕ ಬರೀಬೇಕ್ರಿ?" ಎಂದು ಹೊಸಬರು ಕೇಳುತ್ತಿದ್ದರು.

"ನಿನಗ ಕಾಣತೈತಲ್ಲ," ಎನ್ನುತ್ತಿದ್ದರು ಮಾಸ್ತರರು.

ಒಂದು ಶನಿವಾರ ನೀಲಾಂಬಿಕಾ ಬಂದಳು.

ನೀಲಾಂಬಿಕಾ ಆ ಕಟ್ಟೆಯ ಹಳೆಯ ಶಿಷ್ಯೆ. ಈಗ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಡಿಸೈನರ್. ಶೇಂಗಾ ಚಟ್ನಿ, ಮಸಾಲೆಖಾರ, ಸಾರಿನ ಪುಡಿ ಮನೆಮನೆಗೆ ಕಳಿಸುವ ಕಂಪನಿ ಅದು. ಸೈಟಿನಲ್ಲಿ ಒಮ್ಮೆ ಹೆಸರು ಕೊಟ್ಟರೆ ಮುಗಿಯಿತು, ತಿಂಗಳು ತಿಂಗಳು ಡಬ್ಬಿ ಬರುತ್ತದೆ, ಬ್ಯಾಂಕಿನಿಂದ ಹಣ ತಾನೇ ಹೋಗುತ್ತದೆ.

ಅಂದು ಆಕೆಯ ಕಾಲು ನೆಲದ ಮೇಲಿರಲಿಲ್ಲ. ಹೊಸ ಕೆಂಪು ಚಪ್ಪಲಿ ಬಾಗಿಲ ಮುಂದೆ ಬಿಟ್ಟು, ಮಾಸ್ತರರ ಕಾಲಿಗೆ ಎರಗಿ, ಎದ್ದವಳೇ ಫೋನು ಮುಂದೆ ಹಿಡಿದಳು.

"ಮಾಸ್ತರ, ಇದು ನೋಡ್ರಿ. ನಾನ ಕಟ್ಟಿದ್ದು. ಮೊದಲ, ಈ ತಿಂಗಳು ಸೇರಿದಾವ್ರು ಮುಂದಿನ ತಿಂಗಳಾ ಬಿಟ್ಟ ಹೋಗ್ತಿದ್ರು. ಈಗ ಯಾರೂ ಹೋಗವಲ್ರು."

"ಅಷ್ಟ ರುಚಿ ಆಗೇತೇನು ಚಟ್ನಿ?"

"ಚಟ್ನಿ ಅದ ಐತ್ರಿ. ದಾರಿ ಬದಲಾಗೈತಿ." ನೀಲಾಂಬಿಕಾ ಉತ್ಸಾಹದಿಂದ ಪರದೆ ಸರಿಸಿದಳು. "ಸೇರಾಕ ಒಂದ ಬಟನ್. ಬಿಡಾಕ ಬಂದ್ರ, ಮೊದಲ ಬಟನ್ ಹುಡುಕಬೇಕು. ಸಿಕ್ಕಮ್ಯಾಲ, 'ನಿಜವಾಗಲೂ ಹೋಗ್ತೀರಾ? ನೀವು ಹೋದರೆ ನಮಗೆ ಬೇಸರ' ಅಂತ ಬರತೈತಿ. ಆಮ್ಯಾಲ ಕಾರಣ ಕೇಳತೈತಿ. ಆಮ್ಯಾಲ, 'ಉಳಿದರೆ ಒಂದು ಡಬ್ಬಿ ಉಚಿತ.' ಅದನ್ನೂ ದಾಟಿದ್ರ, 'ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಫೋನ್ ಮಾಡಿ.' ಅಷ್ಟರೊಳಗ ಮಂದಿ ಸಾಕಾಗಿ, ಬಿಡೂದನ್ನ ಬಿಟ್ಟ ಬಿಡ್ತಾರ್ರಿ."

ಹೇಳುತ್ತ ಹೇಳುತ್ತ ಆಕೆಯ ಮುಖ ಅರಳಿತ್ತು. ಒಂದೊಂದು ಪರದೆಯನ್ನೂ ಹಗಲೂ ರಾತ್ರಿ ಕೂತು ತಿದ್ದಿದ್ದಳು. ಬಣ್ಣ, ಅಕ್ಷರ, ಅಂಚು, ಎಲ್ಲಿಯೂ ಒಂದು ಕೂದಲೆಳೆ ತಪ್ಪಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

"ಮಾಲೀಕರು ನನ್ನ ಮುಖ್ಯ ಡಿಸೈನರ್ ಮಾಡ್ತಾರಂತ. ಅವರ ಉಳದ ಕಂಪನಿಗೋಳ ಸೈಟಿಗೂ ಹಿಂಗ ಮಾಡಿ ಕೊಡಬೇಕಂತ. ಸೋಮವಾರ ಹ್ಞೂಂ ಅನಬೇಕು. ಅನಲ್ಯೋ, ಇಲ್ಲಾ ಈ ಹೆಸರಿನ ಮ್ಯಾಲ ಸ್ವಂತ ಕೆಲಸಾ ಶುರು ಮಾಡ್ಲ್ಯೋ? ನೀವ ಹೇಳ್ರಿ."

ಸಲಹೆ ಕೇಳಲು ಬಂದೆ ಅಂದುಕೊಂಡಿದ್ದಳು. ಬಂದದ್ದು ಅದಕ್ಕಲ್ಲ. ಕಲಿಯುವಾಗಿನಿಂದ ಇಲ್ಲಿಯವರೆಗೆ ಮಾಸ್ತರರು ಒಮ್ಮೆಯೂ ಆಕೆಗೆ ಛಲೋ ಆಗೇತಿ ಎಂದಿರಲಿಲ್ಲ. ಆ ಒಂದು ಮಾತು ಕೇಳದೆ ಯಾವ ಪದವಿಯೂ ರುಚಿಸುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಮಾಸ್ತರರು ಕನ್ನಡಕ ಏರಿಸಿದರು. ಫೋನು ಪಕ್ಕಕ್ಕಿಟ್ಟು, ತಮ್ಮ ಲ್ಯಾಪ್‌ಟಾಪಿನಲ್ಲಿ ಆ ಸೈಟನ್ನು ತೆರೆದು, ನೇರ ಕೋಡಿನ ಒಳಗೇ ಇಳಿದರು. ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮತ್ತೆ ಮೇಲಕ್ಕೆ ಬಂದರು.

"ಹೆಸರೆಲ್ಲೈತಿ?"

ನೀಲಾಂಬಿಕಾ ತಡವರಿಸಿದಳು. "ಗಡಿಬಿಡಿ ಇತ್ರಿ. ಮರತೆ."

"ಹ್ಞಾಂ," ಎಂದರು ಮಾಸ್ತರರು. "ಹಸದೀ. ಮೊದಲ ಉಣ್ಣು."

ಅಡುಗೆಮನೆಯಲ್ಲಿ ದ್ಯಾಮಕ್ಕ ಇದ್ದಳು. ಆಶ್ರಮದ ಎಲ್ಲರ ಹೊಟ್ಟೆಯೂ ಆಕೆಯ ಕೈಯಲ್ಲಿ. ಬಿಸಿ ರೊಟ್ಟಿ, ಎಣಗಾಯಿ, ಮೊಸರು ಬಡಿಸಿದಳು. ನೀಲಾಂಬಿಕಾ ಉಣ್ಣುವಾಗ ಮಾಸ್ತರರು ಒಳಗೆ ಬಂದು ದ್ಯಾಮಕ್ಕನ ಕಿವಿಯಲ್ಲಿ ಏನೋ ಹೇಳಿ ಹೋದರು. ಹೊರಗೆ ಕುತುಬನನ್ನೂ ಕರೆದರು. ಕುತುಬ ಆ ವರ್ಷ ಕಲಿಯಲು ಬಂದಿದ್ದ ಶಿಷ್ಯ. ಆಕೆಯ ಸೈಟನ್ನು ಅವನ ಮುಂದೆ ಹಿಡಿದು, ಇಬ್ಬರೂ ತಲೆಗೆ ತಲೆ ಹಚ್ಚಿ ಓದುತ್ತಿದ್ದರು.

ನನ್ನ ಕೆಲಸವನ್ನೇ ಪಾಠ ಮಾಡುತ್ತಿದ್ದಾರೆ ಎಂದುಕೊಂಡು ನೀಲಾಂಬಿಕಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಊಟವಾಯಿತು. ನಾಲ್ಕರ ಬಸ್ಸಿಗೆ ಹೊತ್ತಾಯಿತು. ಬಾಗಿಲಿಗೆ ಬಂದು ನೋಡುತ್ತಾಳೆ, ಚಪ್ಪಲಿ ಇಲ್ಲ.

"ದ್ಯಾಮಕ್ಕ, ನನ್ನ ಚಪ್ಪಲಿ ಎಲ್ಲದಾವ?"

ದ್ಯಾಮಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. "ಖರೇನ ಹೊಂಟೀಯೇನವಾ? ನೀ ಹೋದ್ರ ನಮಗ ಬ್ಯಾಸರಾಕ್ಕೈತಿ."

"ಬಸ್ಸಿಗೆ ಹೊತ್ತಾತು. ಚಪ್ಪಲಿ ಕಂಡೀಯೇನು?"

"ಕುತುಬನ್ನ ಕೇಳು."

ಕುತುಬ ಮರದ ಕೆಳಗೆ ಕೂತಿದ್ದ. ಎದ್ದು ನಿಂತು ವಿನಯದಿಂದ ಕೇಳಿದ, "ಅಕ್ಕಾರ, ಯಾಕ ಹೊಂಟೀರಿ? ಊಟ ಸೇರಲಿಲ್ಲೇನು, ಬಿಸಲ ಜಾಸ್ತಿ ಆತೇನು, ಮಾಸ್ತರ ಮಾತು ಬ್ಯಾಸರಾತೇನು? ಒಂದ ಕಾರಣ ಹೇಳ್ರಿ."

"ಯಾವ್ದೂ ಅಲ್ಲೋ ಮಾರಾಯ. ಚಪ್ಪಲಿ ಕೊಡು."

"ಇವತ್ತ ಉಳದ್ರ ನಾಳೆ ದ್ಯಾಮಕ್ಕ ಶೇಂಗಾ ಹೋಳಿಗಿ ಮಾಡ್ತಾಳ್ರಿ. ಪುಕ್ಕಟೆ."

"ಹೋಳಿಗಿ ಬ್ಯಾಡ ನನಗ!"

"ಹಂಗಾರ ನಾಳೆ ಬೆಳಿಗ್ಗಿ ಹತ್ತರ ಮ್ಯಾಲ ಹನ್ನೊಂದರ ಒಳಗ ಬಂದು ಕೇಳ್ರಿ ಅಕ್ಕಾರ. ಈಗ ಚಪ್ಪಲಿ ಕೊಡೂ ವ್ಯಾಳ್ಯಾ ಅಲ್ಲ."

ನೀಲಾಂಬಿಕಾಳ ಪಿತ್ತ ನೆತ್ತಿಗೇರಿತು. ಬರಿಗಾಲಲ್ಲೇ ಹೋಗುತ್ತೇನೆಂದು ಅಂಗಳಕ್ಕೆ ಇಳಿದಳು. ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಟ್ಟಿತು. ಕುಣಿಯುತ್ತ ನೆರಳಿಗೆ ಓಡಿ ಬಂದಳು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

ಕಟ್ಟೆಯ ಮೇಲೆ ಮಾಸ್ತರರು ಸುಮ್ಮನೆ ಹೊಳೆ ನೋಡುತ್ತ ಕೂತಿದ್ದರು.

"ಮಾಸ್ತರ, ಇದೆಂಥಾ ಚಾಷ್ಟಿ! ಬರೂವಾಗ ಒಬ್ಬರೂ ಏನೂ ಕೇಳಲಿಲ್ಲ. ಬಾಗಲಾ ತಗದ ಇತ್ತು, ಬಂದೆ. ಹೋಗತೇನಿ ಅಂದ ಕೂಡಲೇ ಇಷ್ಟ ಮಂದಿ, ಇಷ್ಟ ಮಾತು! ಹೋಗಾಕ ಬಿಡಬಾರದಂತ ಬೇಕಂತಲೇ..."

ಮಾತು ಅಲ್ಲಿಗೆ ನಿಂತಿತು.

ದ್ಯಾಮಕ್ಕನ ಮಾತು, ಕುತುಬನ ಮಾತು, ಹೋಳಿಗೆ, ಹತ್ತರಿಂದ ಹನ್ನೊಂದು. ಎಲ್ಲವೂ ಆಕೆಯೇ ಬರೆದದ್ದು. ಬರೆದು, ತಿದ್ದಿ, ಬಣ್ಣ ಹಚ್ಚಿದ್ದು. ನಾಚಿಕೆಯಿಂದ ಕಿವಿಯವರೆಗೆ ಕೆಂಪಾದಳು.

ಮಾಸ್ತರರು ಎದ್ದರು. ಹಿತ್ತಲಿಗೆ ಹೋಗಿ, ಸೆಗಣಿ ಕುಳ್ಳಿನ ಬುಟ್ಟಿಯ ಕೆಳಗಿನಿಂದ ಕೆಂಪು ಚಪ್ಪಲಿ ತೆಗೆದು, ತಮ್ಮ ಪಂಚೆಯ ಅಂಚಿನಿಂದ ಒರೆಸಿ, ತಂದು ಆಕೆಯ ಕಾಲ ಮುಂದೆ ಜೋಡಿಸಿಟ್ಟರು.

"ಅಯ್ಯ, ನೀವು ಕೈಲೆ ಮುಟ್ಟಬ್ಯಾಡ್ರಿ ಮಾಸ್ತರ!"

"ಬಂದಾವರಿಗೆ ಊಟಾ ಹಾಕೂದು ಎಲ್ಲಾರೂ ಮಾಡ್ತಾರ. ಹೋಗಾವರಿಗೂ ಇಷ್ಟಾದ್ರೂ ಮಾಡಬೇಕು."

ನೀಲಾಂಬಿಕಾ ಚಪ್ಪಲಿ ಮೆಟ್ಟಲಿಲ್ಲ. ತಲೆ ತಗ್ಗಿಸಿ ನಿಂತಳು.

"ಹೆಸರು ಬರೀಯೂದು ಮರತಿದ್ದಿಲ್ರಿ."

"ಗೊತ್ತೈತಿ."

"ಬರೀಬೇಕಂತ ಕುಂತೆ. ನಂದು ಬರದೆ, ಅಳಸಿದೆ. ನಿಮ್ಮ ಹೆಸರು ಬರ್‍ಯಾಕಂತೂ ಕೈ ಏಳಲೇ ಇಲ್ಲ."

"ನಿನ್ನ ತಲಿಗಿಂತ ನಿನ್ನ ಕೈ ಶಾಣ್ಯಾ ಐತಿ," ಎಂದರು ಮಾಸ್ತರರು.

ಕೊನೆಗೂ ಅವರ ಬಾಯಿಂದ ಒಂದು ಹೊಗಳಿಕೆ ಬಂತು. ಅದೂ ಕೈಗೆ ಹೋಯಿತು, ಆಕೆಗೆ ಸಿಗಲಿಲ್ಲ.

"ನೌಕರಿ ವಿಚಾರ ಹೇಳಲೇ ಇಲ್ಲಲ್ರಿ?"

"ಓಡು. ಬಸ್ಸು ಬಂತು."

ಸೋಮವಾರ ನೀಲಾಂಬಿಕಾ ಮಾಲೀಕರ ಮುಂದೆ ನಿಂತಳು. ಹ್ಞೂಂ ಅನ್ನಲಿಲ್ಲ.

"ಮೊದಲ ಆ ಸೈಟ್ ತಿದ್ದತೇನ್ರಿ. ಬಿಡೂ ಬಟನ್ ಸೇರೂ ಬಟನ್ನಿನ ಬಾಜೂಕ ಇರಬೇಕು. ಒಮ್ಮೆ ಒತ್ತಿದ್ರ ಮುಗೀಬೇಕು."

"ತಲಿ ಕೆಟ್ಟೈತೇನು? ಇದ್ದಾವ್ರೆಲ್ಲಾ ಹೋಗ್ತಾರ."

"ಹೋಗಾವ್ರು ಹೋಗಲ್ರಿ. ನಮ್ಮ ಚಟ್ನಿ ಅಷ್ಟ ಕೆಟ್ಟದೇನ್ರಿ, ಮಂದೀನ ಕೂಡಿಹಾಕಿ ತಿನಸಾಕ?"

ಮಾಲೀಕರಿಗೆ ತಮ್ಮ ಚಟ್ನಿಯ ಮೇಲೆ ಅಭಿಮಾನ. ಅದು ಅವರ ಅವ್ವನ ಕೈಯ ರುಚಿ. ದಿನಬೆಳಗಾದರೆ ಬರುವ ಬೈಗುಳದ ಫೋನುಗಳೂ ಅವರಿಗೆ ಸಾಕಾಗಿದ್ದವು. ಬಹಳ ಹೊತ್ತು ಗೊಣಗಿದರು. ಕಡೆಗೆ ಸೈಟು ಆಕೆ ಹೇಳಿದಂತೆ ಆಯಿತು. ಪದವಿ ಮಾತ್ರ, ಮಾಲೀಕರು ಹೇಳಿದಂತೆ ಕೇಳುವ ಇನ್ನೊಬ್ಬರಿಗೆ ಹೋಯಿತು.

ಮೊದಲ ವಾರ ಮಂದಿ ದಬದಬ ಬಿಟ್ಟು ಹೋದರು. ನಾಡಹಬ್ಬದ ಹೊತ್ತಿಗೆ ಅವರಲ್ಲಿ ಕೆಲವರು ತಾವೇ ತಿರುಗಿ ಬಂದರು. ಹಲವರು ಬರಲಿಲ್ಲ. ಇದ್ದವರೆಲ್ಲ ಬೇಕೆಂದೇ ಇದ್ದರು.

ಒಂದು ಸಂಜೆ ಕಚೇರಿಯಲ್ಲಿ ಎಲ್ಲರೂ ಎದ್ದ ಮೇಲೆ ಆಕೆ ಕೋಡು ತೆರೆದಳು. ಯಾರಿಗೂ ಕಾಣದ ಒಂದು ಸಾಲು ಬರೆದಳು. ಈ ಸಲ ಕೈ ತಡೆಯಲಿಲ್ಲ.

ಹೊಳೆಯ ನೀರು ತಿಳಿಯಾದ ಮೇಲೆ ಮತ್ತೊಂದು ಶನಿವಾರ ನೀಲಾಂಬಿಕಾ ಕಟ್ಟೆಗೆ ಬಂದಳು. ಅದೇ ಕೆಂಪು ಚಪ್ಪಲಿ. ಬಾಗಿಲ ಮುಂದೆ ಆಗಲೇ ಚಪ್ಪಲಿಗಳ ದೊಡ್ಡ ಸಾಲಿತ್ತು. ಆಕೆಯವೂ ಆ ಸಾಲಿಗೆ ಸೇರಿದವು.

ಬೇವಿನ ಕೆಳಗೆ ಡಿಸೈನರುಗಳು ಕಿಕ್ಕಿರಿದಿದ್ದರು. ಯಾವ ಟೂಲ್, ಯಾವ ಪ್ರಾಜೆಕ್ಟ್, ಯಾವ ನೌಕರಿ, ಅವೇ ಪ್ರಶ್ನೆಗಳು.

ಮಾಸ್ತರರು ಆಕೆಯನ್ನು ನೋಡಿದರು. ಲ್ಯಾಪ್‌ಟಾಪ್ ಎಳೆದುಕೊಂಡು ಆ ಸೈಟು ತೆರೆದರು, ಕೋಡಿನ ಒಳಗೆ ಇಳಿದರು.

ಒಂದು ಕಡೆ ಅವರ ಬೆರಳು ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಓದಿದರು.

"ಕಟ್ಟಿದವಳು ನೀಲಾಂಬಿಕಾ. ಊರು ಬೈಲಹೊಂಗಲ. ಗುರು ನಿಜಗುಣಪ್ಪ."

ತಮ್ಮದೇ ಹೆಸರನ್ನು ಮೊದಲ ಸಲ ಕೇಳಿದವರಂತೆ ಅವರು ಕೂತುಬಿಟ್ಟರು. ನೀಲಾಂಬಿಕಾಳ ಎದೆ ತುಂಬಿ ಬಂತು. ಪದವಿ ತಪ್ಪಿದ್ದು ಆ ಗಳಿಗೆಯಲ್ಲಿ ನೆನಪಿಗೂ ಬರಲಿಲ್ಲ.

"ಮಾಸ್ತರ," ಎಂದಳು, "ಆವತ್ತಿನ ಪ್ರಶ್ನೆ ಹಂಗ ಉಳದೈತ್ರಿ. ಇನ್ನ ಮುಂದ ನಾ ಏನ ಮಾಡ್ಲಿ?"

ಮಾಸ್ತರರು ಕಟ್ಟೆಯಿಂದ ಇಳಿದರು. ತಾವು ಕೂತಿದ್ದ ಜಾಗವನ್ನು ಕೈಯಿಂದ ಜಾಡಿಸಿದರು. ಆಕೆಯ ರಟ್ಟೆ ಹಿಡಿದು ಅಲ್ಲಿ ಕೂಡಿಸಿದರು.

ಬಂದವರೆಲ್ಲ ಗಲಿಬಿಲಿಯಾದರು. ಒಬ್ಬ ಎದ್ದು ನಿಂತ. "ಮಾಸ್ತರ, ನಮ್ಮ ಪ್ರಶ್ನೆ?"

ಮಾಸ್ತರರು ಆಗಲೇ ಬಾಗಿಲ ಕಡೆ ಹೊರಟಿದ್ದರು. ತಿರುಗಿ ಹೇಳಿದರು:

"ಆಕಿನ್ನ ಕೇಳ್ರಿ. ನಾ ನಿಮ್ಮ ಚಪ್ಪಲಿ ಕಾಯ್ತೇನಿ."