ನಗಾರಿ ನಿಂತ ಊರು

"ಬುದ್ಧಿ, ನಾವು ಕೈಲಾಗದವರೇ?" ಎಂದು ಮುರುಗೇಂದ್ರ ಕೇಳಿದ.

ಮಠಕ್ಕೆ ಬರುವ ಮೊದಲು ಅವನು ಯುದ್ಧವಿಮಾನಗಳ ವಿನ್ಯಾಸ ಮಾಡುವ ಕಚೇರಿಯಲ್ಲಿದ್ದವನು. ಶತ್ರುವಿನ ರೇಡಾರಿಗೆ ಕಾಣದ ವಿಮಾನವೊಂದನ್ನು ನಮ್ಮ ನೆಲದಲ್ಲೇ ಕಟ್ಟುತ್ತೇವೆಂದು ಹೊರಟವರಲ್ಲಿ ಅವನೂ ಒಬ್ಬ. ತಲೆ ನರೆಯುವವರೆಗೆ ದುಡಿದ. ವಿಮಾನ ಮಾತ್ರ ನೆಲ ಬಿಡಲಿಲ್ಲ. ಎಂಜಿನ್ ಹೊರಗಿನವರದು, ಅವರು ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ಮೈಗೆ ಬಳಿದ ಲೇಪ ಇಂದು ನಿಂತರೆ ನಾಳೆ ಸುಲಿಯುತ್ತಿತ್ತು. ಒಂದು ದಿನ ಬೇಸರ ಹತ್ತಿ ಬಿಟ್ಟು ಬಂದ. ಕಚೇರಿಯ ಹುಡುಗರು ಮರಳಿ ಕರೆಯುತ್ತಲೇ ಇದ್ದರು. ಹೋಗಲೋ ಬೇಡವೋ ಎಂಬುದು ಅವನಿಗೆ ತಿಳಿಯದಾಗಿತ್ತು.

"ದೊಡ್ಡ ದೇಶಗಳು ಎಂದೋ ಹಾರಿಸಿಬಿಟ್ಟವು. ನಮ್ಮ ವರ್ಷಗಳೆಲ್ಲ ನೀರುಪಾಲಾದವಲ್ಲ, ಬುದ್ಧಿ."

ಗುರುಗಳು ಬೀಸಣಿಗೆ ಕೆಳಗಿಟ್ಟು ಕತೆ ಹೇಳಿದರು.

ಒಂದು ರಾಜ್ಯವಿತ್ತು. ಆಗಷ್ಟೇ ಮೇಲೇಳುತ್ತಿದ್ದ ರಾಜ್ಯ. ಕಣಜ ತುಂಬಿತ್ತು, ಕೋಟೆ ಹೊಸದಾಗಿತ್ತು, ಮಾತು ಸ್ವಲ್ಪ ಜೋರಾಗಿತ್ತು. ಹೆಬ್ಬಾಗಿಲ ಮೇಲೊಂದು ನಗಾರಿ. ಅಷ್ಟು ದೊಡ್ಡ ನಗಾರಿ ಸುತ್ತಲ ಯಾವ ಸೀಮೆಯಲ್ಲೂ ಇಲ್ಲವೆಂಬುದು ಅಲ್ಲಿಯವರ ಹೆಮ್ಮೆ. ಯುದ್ಧ ಗೆದ್ದರೆ ಬಾರಿಸುವರು, ರಾಜ ಎದ್ದರೆ ಬಾರಿಸುವರು, ಉಂಡು ಕೈ ತೊಳೆದರೂ ಬಾರಿಸುವರು.

ಒಂದು ಬೆಳಗ್ಗೆ ಕೋಟೆಯ ಸುತ್ತ ಹಸಿ ಮಣ್ಣಿನಲ್ಲಿ ಗಾಲಿಯ ಜಾಡು ಕಾಣಿಸಿತು. ಅಷ್ಟು ಅಗಲದ ಗಾಲಿ ನೆರೆಯ ದೊಡ್ಡ ರಾಜ್ಯದ ರಥಕ್ಕೆ ಮಾತ್ರ ಇತ್ತು. ಆ ರಥ ಬಂದು, ಕೋಟೆಯನ್ನು ಒಂದು ಸುತ್ತು ಹಾಕಿ, ಹೊರಟುಹೋಗಿತ್ತು. ಯಾರಿಗೂ ಸದ್ದು ಕೇಳಿಸಿರಲಿಲ್ಲ. ಊರಿಗೆ ಊರೇ ಬಂದು ಉಸಿರು ಬಿಗಿಹಿಡಿದು ನೋಡಿತು. ರಾಜನೂ ಬಂದ. ಮೊಣಕಾಲೂರಿ ಆ ಜಾಡಿನಲ್ಲಿ ಅಂಗೈ ಇಟ್ಟ. ಮನುಷ್ಯರು ಇಂಥದ್ದನ್ನೂ ಕಟ್ಟಬಲ್ಲರೇ ಎಂದು ಅವನ ಮೈ ಜುಮ್ಮೆಂದಿತು.

ಅಂದೇ ರಥ ಕಟ್ಟುವವನನ್ನು ಕರೆಸಿ, ತಮಗೂ ಸದ್ದಿಲ್ಲದ ರಥ ಬೇಕೆಂದ. ಅದನ್ನು ಗಡಿಯಾಚೆ ನಡೆಸುವ ಸಾರಥಿಯನ್ನೂ ಅಲ್ಲೇ ಗೊತ್ತುಮಾಡಿದ. ಆ ಸಾರಥಿ ರಥ ಕಟ್ಟುವವನ ಮಗ.

ಅಪ್ಪ ಕೆಲಸಕ್ಕೆ ಕೂತ. ಮೊಳೆ ಕಿತ್ತು ಮರದ ಬೆಣೆ ಹೊಡೆದ. ಗಾಲಿಗೆ ಚರ್ಮ ಸುತ್ತಿದ, ಕುದುರೆಗಳ ಗೊರಸಿಗೆ ಕಂಬಳಿ ಕಟ್ಟಿದ. ಎಲ್ಲವೂ ಕೈಗೆ ಬಂತು, ಎರಡು ಗಾಲಿಗಳನ್ನು ಕೂಡಿಸುವ ಅಚ್ಚೊಂದು ಬರಲಿಲ್ಲ. ಅವರ ಕುಲುಮೆಯ ಕಬ್ಬಿಣ ಓಟದ ಬಿಸಿಗೆ ಬಾಗುತ್ತಿತ್ತು, ಇಲ್ಲವೆ ಸೀಳುತ್ತಿತ್ತು. ಹದ ಹೇಗೆಂದು ನೆರೆಯವರನ್ನು ಕೇಳಿದರೆ ಅವರು ನಕ್ಕರು. ಹದ ಹೇಳಲಿಲ್ಲ, ಅಚ್ಚು ಕೊಟ್ಟರು. "ನಮ್ಮ ರಥಕ್ಕೂ ಇದನ್ನೇ ಹಾಕುತ್ತೇವೆ, ಒಯ್ಯಿರಿ" ಎಂದ ಅಲ್ಲಿಯ ವರ್ತಕ. ಇಷ್ಟು ಸಲೀಸಾಗಿ ಕೊಟ್ಟರಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಹೆಬ್ಬಾಗಿಲ ಕಾವಲುಗಾರರನ್ನು ರಸ್ತೆಗೆ ಬೆನ್ನು ಮಾಡಿ ಕೂರಿಸಿದರು. ರಥ ಅವರ ಹಿಂದೆಯೇ ಹಾದುಹೋಯಿತು. ಒಬ್ಬನೂ ತಿರುಗಲಿಲ್ಲ. ಊರು ಕುಣಿಯಿತು, ನಗಾರಿ ಮೊಳಗಿತು. ಕಾವಲಿನ ಮುಖ್ಯಸ್ಥ ಬಂದು ರಥ ಕಟ್ಟಿದವನ ಹೆಗಲ ಮೇಲೆ ಕೈಯಿಟ್ಟು, "ಏನೇನೂ ಕೇಳಲಿಲ್ಲ ಕಣಪ್ಪ" ಎಂದ.

ಅವನು ಅದನ್ನು ಕಿರುಚಿ ಹೇಳಿದ್ದ. ನಗಾರಿ ಆಗಲೇ ನಿಂತಿತ್ತು, ಇಬ್ಬರ ನಡುವೆ ಗೇಣು ಜಾಗವೂ ಇರಲಿಲ್ಲ. ಆದರೂ ಹೊಲದಾಚೆಯವನನ್ನು ಕೂಗುವ ಹಾಗೆ ಕೂಗಿದ್ದ. ಪಕ್ಕದ ಕಾವಲುಗಾರನೂ ಹಾಗೇ ಕೂಗಿ ಮಾತಾಡುತ್ತಿದ್ದ. ಹುಟ್ಟಿದಾಗಿನಿಂದ ನಗಾರಿಯ ಕೆಳಗೆ ಬಾಳಿದ ಜನ. ರಥ ಕಟ್ಟುವವನು ಒಮ್ಮೆ ಅವರನ್ನು ನೋಡಿದ, ಒಮ್ಮೆ ರಥದಿಂದ ಇಳಿಯುತ್ತಿದ್ದ ಮಗನನ್ನು ನೋಡಿದ.

ನೇರವಾಗಿ ಅರಮನೆಗೆ ಹೋದ.

"ಪ್ರಭು, ರಥ ಇನ್ನೂ ಆಗಿಲ್ಲ. ಆಗಬೇಕಾದರೆ ಮೊದಲು ನಗಾರಿ ನಿಲ್ಲಬೇಕು."

"ಏನು ಮಾತು ಆಚಾರಿ? ನಗಾರಿ ನಿಂತರೆ ಈ ರಾಜ್ಯ ಮುಗಿಯಿತು ಅಂದುಕೊಳ್ಳುತ್ತಾರೆ."

"ಅಂದುಕೊಳ್ಳಲಿ, ಪ್ರಭು. ರಥದಲ್ಲಿ ಕೂರುವವನು ನನ್ನ ಮಗ. ಅಲ್ಲಿಯ ಕಾವಲುಗಾರರು ಇಂಥ ನಗಾರಿಯ ಕೆಳಗೆ ಬೆಳೆದವರಲ್ಲ."

ರಾಜನಿಗೆ ಸಿಟ್ಟು ಬಂತು. ಆದರೆ ಆ ಜಾಡಿನಲ್ಲಿ ಕೈ ಇಟ್ಟವನು ಅವನೇ ತಾನೇ. ನಗಾರಿಗೆ ಬಟ್ಟೆ ಹೊದಿಸಲು ಹೇಳಿದ.

ಮೊದಲು ಊರಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಬರಬರುತ್ತ ಏನೇನೋ ಕೇಳಿಸತೊಡಗಿತು. ಪಕ್ಕದ ಬೀದಿಯ ರಾಟೆ ಕೇಳಿಸಿತು. ತೊಟ್ಟಿಲ ಕೂಸು ಉಸಿರಾಡುವುದು ಕೇಳಿಸಿತು. ಇಷ್ಟೆಲ್ಲ ನಮ್ಮ ಸುತ್ತಲೇ ಇತ್ತೇ ಎಂದು ಜನ ಬೆರಗಾದರು. ರಥ ಕಟ್ಟುವವನು ಚುರುಕು ಕಿವಿಯ ಕೆಲವರನ್ನು ಆರಿಸಿ, ಬಾಯ್ತುಂಬ ನೀರು ಹಿಡಿಸಿ ಕೂರಿಸಿದ. ನೀರು ಬಾಯಲ್ಲಿರುವವನು ಮಾತಾಡುವ ಹಾಗಿಲ್ಲ, ಸುಮ್ಮನೆ ಆಲಿಸಬೇಕು. ರಥ ಹಾದುಹೋಯಿತು. ಎಲ್ಲರೂ ತಿರುಗಿ ನೋಡಿದರು.

ಬೆಣೆ ಕಿರುಗುಟ್ಟುತ್ತದೆ ಎಂದರು, ಸರಿಮಾಡಿದ. ಚರ್ಮ ಉಜ್ಜುತ್ತದೆ ಎಂದರು, ಬದಲಾಯಿಸಿದ. ಒಂದು ಅಡಗಿಸಿದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳುತ್ತಿತ್ತು. ಮಂತ್ರಿಗಳು ಆಡಿಕೊಂಡರು: ಅಂದು ಸದ್ದೇ ಇಲ್ಲದ ರಥಕ್ಕೆ ಈ ಪುಣ್ಯಾತ್ಮ ವರ್ಷ ವರ್ಷವೂ ಸದ್ದು ಸೇರಿಸುತ್ತಿದ್ದಾನೆ.

ಕೊನೆಗೆ ಒಂದೇ ಒಂದು ದನಿ ಉಳಿಯಿತು. ಕಂಚಿನ ಬಟ್ಟಲ ಅಂಚಿಗೆ ಒದ್ದೆ ಬೆರಳು ಸವರಿದ ಹಾಗೆ, ಎಳೆಯಷ್ಟು ಸಣ್ಣ ದನಿ. ಎಲ್ಲಿಂದ ಬರುತ್ತದೆಂದು ಹುಡುಕಿದರೆ, ಕೊಂಡು ತಂದ ಅಚ್ಚು. ಕೊಟ್ಟವರಿಗೆ ಈ ದನಿ ಗೊತ್ತಿಲ್ಲದಿರುತ್ತದೆಯೇ? ಅಂದು ಮಗ ಗಡಿ ದಾಟಿದ್ದರೆ ಏನಾಗುತ್ತಿತ್ತೆಂದು ರಥ ಕಟ್ಟುವವನು ನೆನೆದ. ಆಮೇಲೆ ಕುಲುಮೆಗೆ ಇದ್ದಲು ಹಾಕಿದ.

ತಮ್ಮದೇ ಅಚ್ಚು ಮಾಡತೊಡಗಿದರು. ಬಾಗಿತು, ಸೀಳಿತು, ಮತ್ತೆ ಎರೆದರು. ಮಗನಿಗೂ ಮೀಸೆ ನರೆಯಿತು. ಅಷ್ಟು ದಿನವೂ ಆ ಕೊಂಡು ತಂದ ಅಚ್ಚಿನ ಮೇಲೆಯೇ ರಥ ಓಡುತ್ತಿತ್ತು. ಕೋಟೆಗೋಡೆಯ ಮೇಲೆ ಕೂತವರು ಆ ಎಳೆದನಿಯನ್ನು ಬೆಳಗಿನಿಂದ ಸಂಜೆಯವರೆಗೆ ಆಲಿಸುತ್ತಿದ್ದರು. ಕಾಡಿನ ಅಂಚಿನಲ್ಲಿದ್ದರೂ ಗುರುತಿಸುವರು, ಗಾಳಿಯ ನಡುವೆಯೂ ಗುರುತಿಸುವರು. ಇಷ್ಟು ವರ್ಷದಲ್ಲಿ ಮಾಡಿದ್ದೇನು ಎಂದು ಮಂತ್ರಿಗಳು ಕೇಳಿದರೆ, ರಥ ಕಟ್ಟುವವನ ಬಳಿ ತೋರಿಸಲು ಮುರಿದ ಅಚ್ಚುಗಳ ರಾಶಿಯಷ್ಟೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಆ ರಾಶಿ ಮುರುಗೇಂದ್ರನ ಕಣ್ಣಿಗೆ ಕಟ್ಟಿತ್ತು. ಅಂಥದ್ದೇ ರಾಶಿಯೊಂದನ್ನು ಅವನೂ ಹಿಂದೆ ಬಿಟ್ಟು ಬಂದಿದ್ದ. ತಡೆಯಲಾರದೆ ಕೇಳಿದ.

"ಕೊನೆಗಾದರೂ ಅಚ್ಚು ಆಯಿತೇ, ಬುದ್ಧಿ? ರಥ ಹೊರಟಿತೇ?"

"ಇನ್ನೂ ಎರೆಯುತ್ತಿದ್ದರಪ್ಪ; ಅಷ್ಟರಲ್ಲಿ ನೆರೆಯವರ ರಥ ಅದೇ ಎಳೆದನಿಯಲ್ಲಿ ಮತ್ತೊಮ್ಮೆ ಬಂತು, ಅದು ಕಾಡು ದಾಟುವ ಮೊದಲೇ ಕೋಟೆಯ ಬಾಗಿಲು ಮುಚ್ಚಿತ್ತು."